ಮಳೆಗೆ ಮುಂಚೆ ಮನೆಯ ದುರಸ್ತು

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಮಳೆಯು ವರ್ಷಕ್ಕೆ ಎರಡು ಸಲ ಬಲವಾಗಿ ಬರುವುದೆಂಬುದು ಸಾಗುವಳಿದಾರರೆಲ್ಲರಿಗೂ ತಿಳಿದ ವಿಷಯವಾಗಿದೆ. ಏಪ್ರಿಲ್ ಕೊನೆಯಿಂದ ಮೇ ತಿಂಗಳ ವರೆಗೆ ಭರಣಿ, ಕೃತ್ತಿಕೆಗಳಲ್ಲಿ ಗಾಳಿ ಗುಡುಗುಗಳೊಡನೆ ಬರುವ ಮಳೆ ಒಂದು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಉತ್ತರೆ, ಹಸ್ತ, ಚಿತ್ತೆಗಳಲ್ಲಿ ಹಿಡಿದು ಸುರಿಯುವ ಮಳೆ ಮತ್ತೊಂದು. ಉಳುಮೆ ಬಿತ್ತನೆಗಳಿಗೆ ಈ ನಕ್ಷತ್ರಗಳನ್ನು ಬೆರಳ ಮೇಲೆ ಎಣಿಸುವ ಯಜಮಾನರು ತಮ್ಮ ಮನೆಯ ವಿಷಯದಲ್ಲಿ ಮಾತ್ರ ಆ ಲೆಕ್ಕವನ್ನು ಹಾಕುವುದಿಲ್ಲ. ಸೋರುವಾಗ ಹೆಂಚು ಸರಿಮಾಡಲಾಗುವುದಿಲ್ಲ. ಸೋರದಿರುವಾಗ ಅದರ ನೆನಪೇ ಬರುವುದಿಲ್ಲ. ಹೀಗೆ ಹತ್ತು ವರ್ಷ ಕಳೆದ ಮೇಲೆ ಒಂದು ದಿನ ಗೋಡೆಯು ಕುಸಿಯುತ್ತದೆ, ಮತ್ತು ಅಷ್ಟು ವರ್ಷಗಳ ಅಲಕ್ಷ್ಯದ ಫಲವನ್ನು ಆ ವರ್ಷದ ಮಳೆಯ ಮೇಲೆ ಹೊರಿಸಲಾಗುತ್ತದೆ.

ಬೆಳೆ ಗೊಬ್ಬರಗಳ ವಿಷಯಗಳನ್ನು ತಿಳಿಸುವ ಈ ಪತ್ರಿಕೆಯಲ್ಲಿ ಮನೆಯ ಮಾತೇಕೆಂದು ಕೆಲವರು ಕೇಳಬಹುದು. ರೈತನ ಬೀಜದ ರಾಗಿ, ವರ್ಷದ ಬತ್ತ, ದನಕರುಗಳು, ನೇಗಿಲು ಕುಂಟೆಗಳು ಎಲ್ಲವೂ ಇರುವುದು ಅದೇ ಮಾಡಿನ ಕೆಳಗೆ. ಕಣಜದ ಮೇಲೆ ಒಂದು ಹೆಂಚು ಸರಿದುಹೋದರೆ ಮುಂದಿನ ವರ್ಷದ ಮೊಳಕೆಯೇ ಕೆಟ್ಟಂತಾಯಿತು. ಆದುದರಿಂದ ತಗಡೂರು ಮತ್ತು ಅದರ ಸುತ್ತಣ ಗ್ರಾಮಗಳಲ್ಲಿ ಇನ್ನೂ ಉಳಿದಿರುವ ಮಣ್ಣುಗೋಡೆಯ, ಹೆಂಚಿನ ಮಾಡಿನ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಯಜಮಾನನು ತನ್ನ ಮನೆಯವರ ಸಹಾಯದಿಂದ ತಾನೇ ಮಾಡಿಕೊಳ್ಳಬಹುದಾದ ಕೆಲಸಗಳನ್ನೂ, ತಾನಾಗಿ ಕೈಹಚ್ಚಬಾರದ ಕೆಲವು ಕೆಲಸಗಳನ್ನೂ ಇಲ್ಲಿ ವಿವರಿಸಲಾಗಿದೆ.

ತನ್ನ ಕೈಯ ಕೆಲಸವೆಂಬುದು ತಗಡೂರಿಗೆ ಹೊಸ ಮಾತಲ್ಲ. ತಗಡೂರು ರಾಮಚಂದ್ರರಾಯರ ಖಾದಿಯ ಸೇವೆ ನಾಡಿಗೆಲ್ಲ ಪರಿಚಿತವಾದುದು. ಗಾಂಧೀಜಿಯವರು ೧೯೩೪ರಲ್ಲಿ ಹರಿಜನ ಸೇವೆಯ ಪ್ರವಾಸದಲ್ಲಿ ಈ ಸೀಮೆಗೆ ಬಂದಿದ್ದರು. ನೆರೆಯ ಬದನವಾಳಿನಲ್ಲಿ ನೂಲುವ ಕೇಂದ್ರದ ಹಳೆಯ ಕಟ್ಟಡಗಳಿವೆ. ೨೦೧೫ರಲ್ಲಿ ಅಲ್ಲಿ ನಡೆದ ಸತ್ಯಾಗ್ರಹಕ್ಕೆ ಹೋಗಿದ್ದವರು ಅವು ಎಷ್ಟು ಶಿಥಿಲವಾಗಿದ್ದುವೆಂಬುದನ್ನು ಕಣ್ಣಾರೆ ನೋಡಿದ್ದಾರೆ. ಹೆಂಚಿನ ಕಟ್ಟಡಗಳು ಹಾಳಾಗುವ ಕ್ರಮ ಎಲ್ಲೆಲ್ಲಿಯೂ ಸಾಮಾನ್ಯವಾಗಿ ಒಂದೇ ಬಗೆಯದು. ಮೊದಲು ಹೆಂಚು ಒಡೆಯುವುದು. ಆಮೇಲೆ ರೀಪು ಕೊಳೆಯುವುದು. ರೀಪು ಹೋದ ಕಡೆ ಹತ್ತಾರು ಹೆಂಚು ಒಟ್ಟಿಗೆ ಜಾರುವುವು. ಆ ಬಾಯಿಂದ ಇಳಿದ ನೀರು ಗೋಡೆಯ ತಲೆಯನ್ನು ಸೇರುವುದು. ಗೋಡೆಯ ತಲೆ ನೆನೆದ ಮೇಲೆ ಕಟ್ಟಡವು ಬಹುಕಾಲ ನಿಲ್ಲಲಾರದು. ಮೊದಲನೆಯ ಹೆಂಚನ್ನು ಹಾಕುವುದಕ್ಕೆ ಅರ್ಧ ಗಳಿಗೆಯ ಕೆಲಸ ಸಾಕು. ಕೊನೆಯ ಹಂತದ ದುರಸ್ತಿಗೆ ಒಂದು ಜಮೀನಿನ ಬೆಲೆ ಬೇಕಾದೀತು.

ಮಣ್ಣಿನ ಮನೆಗೆ ನೀರು ಮುಟ್ಟಬಾರದ ಎಡೆಗಳು ಎರಡು: ಒಂದು ನೆತ್ತಿ, ಇನ್ನೊಂದು ಬುಡ. ನಡುಗೋಡೆಯ ಮೇಲೆ ಎರಚಲು ಬಡಿದರೂ ಅದು ಬಿಸಿಲಿಗೆ ಒಣಗಿ ಸುಧಾರಿಸಿಕೊಳ್ಳುತ್ತದೆ. ನೆತ್ತಿ ಬುಡಗಳಿಗೆ ಆ ಶಕ್ತಿಯಿಲ್ಲ.

ಮೊದಲು ನೆತ್ತಿಯ ವಿಷಯ. ನಮ್ಮ ಕಡೆ ಎರಡು ಬಗೆಯ ಹೆಂಚುಗಳಿವೆ. ಕುಂಬಾರರು ಮಾಡುತ್ತಿದ್ದ ನಾಡಹೆಂಚು ಹಳೆಯದು. ಮಂಗಳೂರು ಹೆಂಚು ೧೮೬೫ರಲ್ಲಿ ಬಾಸೆಲ್ ಮಿಷನ್ನಿನ ಕಾರ್ಖಾನೆಯಿಂದ ಮೊದಲಾದುದು. ನಾಡಹೆಂಚಿಗೆ ಒಂದನ್ನೊಂದು ಹಿಡಿದುಕೊಳ್ಳುವ ಕಚ್ಚು ಇಲ್ಲ. ಅದು ತನ್ನ ಭಾರದಿಂದಲೇ ಕೂತಿರುತ್ತದೆ. ಆದುದರಿಂದ ಕೋತಿ, ಬೆಕ್ಕು, ಗಾಳಿ ಇವುಗಳಿಂದ ವರ್ಷವರ್ಷವೂ ಸರಿಯುವುದು, ವರ್ಷವರ್ಷವೂ ಕೈಯಾಡಿಸಬೇಕಾದುದು. ಚಿಕ್ಕಂದಿನಲ್ಲಿ ಬೇಸಗೆಯ ರಜದಲ್ಲಿ ಅಟ್ಟಹತ್ತಿ ಹೆಂಚು ಎತ್ತಿಕೊಟ್ಟವರಿಗೆ ಈ ಕೆಲಸ ಕಲಿಸಬೇಕಾಗಿಲ್ಲ. ಮಂಗಳೂರು ಹೆಂಚು ಕಚ್ಚಿಕೊಂಡು ಕೂರುವುದಾದುದರಿಂದ ಸುಲಭವಾಗಿ ಸರಿಯುವುದಿಲ್ಲ. ಆದರೆ ಒಡೆದರೆ ಅದೇ ಅಳತೆಯ ಹೆಂಚೇ ಬೇಕು.

ಈ ಅಳತೆಯ ವಿಷಯದಲ್ಲಿ ಒಂದು ಎಚ್ಚರಿಕೆ ಉಂಟು. ಎಲ್ಲ ಮಂಗಳೂರು ಹೆಂಚುಗಳೂ ನೋಟಕ್ಕೆ ಒಂದೇ. ಆದರೆ ಕಾರ್ಖಾನೆಯಿಂದ ಕಾರ್ಖಾನೆಗೆ ಅಚ್ಚಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿರುತ್ತದೆ. ಬೇರೆ ಅಚ್ಚಿನ ಹೆಂಚನ್ನು ನಡುವೆ ತುರುಕಿದರೆ ಕಚ್ಚು ಸರಿಯಾಗಿ ಕೂರದೆ, ಅಲ್ಲಿಂದಲೇ ಹೊಸ ಸೋರಿಕೆ ಶುರುವಾಗುತ್ತದೆ. ಹೆಂಚಿನ ಹಿಂಬದಿಯಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ನಿಮ್ಮ ಮಾಡಿನ ಹೆಂಚಿನ ಹೆಸರನ್ನು ಓದಿಟ್ಟುಕೊಂಡು ಅದೇ ಹೆಸರಿನವನ್ನು ಕೊಳ್ಳಬೇಕು. ಅನೇಕ ಕಾರ್ಖಾನೆಗಳು ಮುಚ್ಚಿಹೋಗಿರುವುದರಿಂದ ಹೊಸ ಹೆಂಚು ದೊರೆಯುವುದು ಕಷ್ಟವಾಗುತ್ತಿದೆ. ಊರಿನಲ್ಲಿ ಯಾರಾದರೂ ಹಳೆಯ ಮನೆಯನ್ನು ಕೆಡವುವಾಗ ಐವತ್ತು ನೂರು ಹೆಂಚುಗಳನ್ನು ಕೊಂಡು ಹಿತ್ತಲಿನಲ್ಲಿ ಜೋಡಿಸಿಟ್ಟುಕೊಳ್ಳುವುದು ಬುದ್ಧಿವಂತಿಕೆ. ನೂರು ಚದರಡಿ ಮಾಡಿಗೆ ಸುಮಾರು ೧೪೦ರಿಂದ ೧೫೦ ಹೆಂಚು ಹಿಡಿಯುತ್ತವೆ. ಈ ಲೆಕ್ಕದಿಂದ ಎಷ್ಟು ಕೂಡಿಡಬೇಕೆಂಬುದನ್ನು ತೀರ್ಮಾನಿಸಬಹುದು.

ಸೋರಿಕೆಯ ಜಾಗವನ್ನು ಕಂಡುಹಿಡಿಯುವುದರಲ್ಲಿ ಹೆಚ್ಚಿನವರು ಮೋಸಹೋಗುತ್ತಾರೆ. ಹನಿ ಬೀಳುವ ಕಡೆಯ ನೇರ ಮೇಲಿನ ಹೆಂಚು ಒಡೆದಿರುವುದೆಂದು ತಿಳಿಯುವುದು ಸಹಜ. ವಾಸ್ತವದಲ್ಲಿ ನೀರು ಮೇಲೆಲ್ಲೋ ಒಳಹೊಕ್ಕು, ರೀಪಿನ ಇಲ್ಲವೆ ಜಂತಿಯ ಕೆಳಮೈಯನ್ನು ಹಿಡಿದು ಎರಡು ಮೂರು ಅಡಿ ಹರಿದು, ಗಂಟೋ ಮೊಳೆಯೋ ಅಡ್ಡಬಂದ ಕಡೆ ತೊಟ್ಟಿಕ್ಕುತ್ತದೆ. ಆದುದರಿಂದ ನಡುಹಗಲಿನಲ್ಲಿ ಕಿಟಕಿ ಬಾಗಿಲುಗಳನ್ನು ಮುಚ್ಚಿ, ಒಳಗೆ ಕತ್ತಲು ಮಾಡಿಕೊಂಡು, ಮಾಡನ್ನು ಕೆಳಗಿನಿಂದ ನೋಡಬೇಕು. ಬಿಸಿಲಿನ ಚುಕ್ಕಿ ಕಂಡ ಕಡೆ ಸೀಮೆಸುಣ್ಣದಿಂದ ರೀಪಿನ ಮೇಲೆ ಗುರುತು ಹಾಕಬೇಕು. ಮರದ ಮೇಲೆ ನೀರು ಹರಿದ ಕಂದು ಗೆರೆಗಳಿದ್ದರೆ ಅವು ಎಲ್ಲಿಂದ ಹೊರಟಿವೆಯೆಂಬುದನ್ನು ಮೇಲ್ಮುಖವಾಗಿ ಹುಡುಕಿಕೊಂಡು ಹೋಗಬೇಕು. ಆದರೂ ತಿಳಿಯದಿದ್ದರೆ ಒಬ್ಬನು ಹೊರಗಿನಿಂದ ಸೂರಂಚಿನ ಕಡೆಯಿಂದ ಆರಂಭಿಸಿ ಮೆಲ್ಲಮೆಲ್ಲನೆ ಮೇಲಕ್ಕೆ ನೀರು ಹೊಯ್ಯುತ್ತ ಹೋಗಲಿ, ಇನ್ನೊಬ್ಬನು ಒಳಗೆ ನೋಡುತ್ತಿರಲಿ. ಮೇಲಿನಿಂದ ಹೊಯ್ದರೆ ಮಾಡೆಲ್ಲ ಒದ್ದೆಯಾಗಿ ಏನೂ ತಿಳಿಯುವುದಿಲ್ಲ.

ಮಾಡಿನ ಮೇಲೆ ಹತ್ತುವವನು ಹೆಂಚಿನ ಮೇಲೆ ಬರಿಗಾಲನ್ನೂರಿ ನಡೆಯಕೂಡದು. ಒಂದು ಏಣಿಯನ್ನಾಗಲಿ ಅಗಲವಾದ ಹಲಗೆಯನ್ನಾಗಲಿ ಮಾಡಿನ ಇಳಿಜಾರಿನಲ್ಲಿ ಮಲಗಿಸಿ, ಅದರ ತಲೆಯನ್ನು ಹಗ್ಗದಿಂದ ಆಚೆ ಬದಿಯ ಕಂಬಕ್ಕೆ ಬಿಗಿದು, ಅದರ ಮೇಲೆ ಸಾಗಬೇಕು. ಭಾರವು ಆಗ ಹಲವು ಜಂತಿಗಳಿಗೆ ಹಂಚಿಹೋಗುತ್ತದೆ. ಪಾಚಿ ಕಟ್ಟಿದ ಹೆಂಚಿನ ಮೇಲೆ ಬೆಳಗಿನ ಇಬ್ಬನಿಯಲ್ಲಿ ಹತ್ತುವುದು ಅಪಾಯ. ಎಳೆಬಿಸಿಲು ಏರಿದ ಮೇಲೆಯೇ ಹತ್ತಬೇಕು. ಕಂಬದಿಂದ ಮನೆಗೆ ಬಂದಿರುವ ವಿದ್ಯುತ್ತಿನ ತಂತಿಯು ಮಾಡಿಗೆ ಸಮೀಪವಾಗಿದ್ದರೆ, ವಿದ್ಯುತ್ ನಿಗಮದವರಿಗೆ ತಿಳಿಸಿ ಸರಬರಾಜನ್ನು ನಿಲ್ಲಿಸಿದ ಹೊರತು ಏಣಿಯನ್ನು ಎತ್ತಲೇಬಾರದು. ಈ ಒಂದು ಮಾತಿನಲ್ಲಿ ಧೈರ್ಯ ತೋರಿಸುವುದಕ್ಕೆ ಅವಕಾಶವಿಲ್ಲ.

ಒಡೆದ ಹೆಂಚನ್ನು ತೆಗೆಯಲು ಅದರ ಮೇಲಿನ ಸಾಲಿನ ಹೆಂಚುಗಳನ್ನು ಎರಡು ಬೆರಳಿನಷ್ಟು ಎತ್ತಿ ಮೇಲಕ್ಕೆ ಸರಿಸಿ, ಸಣ್ಣ ಮರದ ಬೆಣೆಯನ್ನು ಕೊಟ್ಟು, ಒಡೆದುದನ್ನು ಕೆಳಕ್ಕೆ ಎಳೆದುಕೊಂಡರೆ ಸಾಕು. ಆ ಅವಕಾಶದಲ್ಲಿಯೇ ಕೆಳಗಿನ ರೀಪನ್ನು ಪರೀಕ್ಷಿಸಬೇಕು. ಗೋಣಿ ಹೊಲಿಯುವ ದಬ್ಬಳವನ್ನು ಮರಕ್ಕೆ ಒತ್ತಿದಾಗ ಅದು ಅರ್ಧ ಅಂಗುಲ ಸಲೀಸಾಗಿ ಇಳಿದರೆ ಆ ರೀಪಿನ ಆಯುಸ್ಸು ಮುಗಿಯಿತೆಂದು ತಿಳಿಯಬೇಕು. ಇದೇ ದಬ್ಬಳದಿಂದ ತೊಲೆಗಳ ತುದಿಗಳನ್ನು, ಎಂದರೆ ಗೋಡೆಯೊಳಗೆ ಹೂತಿರುವ ಭಾಗದ ಅಂಚನ್ನು, ವರ್ಷಕ್ಕೊಂದು ಸಲ ಚುಚ್ಚಿನೋಡುವುದು ಅತ್ಯವಶ್ಯಕ. ತೊಲೆಯು ನಡುವೆ ಗಟ್ಟಿಯಾಗಿದ್ದು ಗೋಡೆಯೊಳಗಿನ ತುದಿಯಲ್ಲಿ ಕೊಳೆಯುವುದು ಬಹು ಸಾಮಾನ್ಯ. ಅಂಥ ತೊಲೆಯ ಕೆಳಗೆ ಕೂಡಲೆ ಒಂದು ಊರುಗೋಲು ಕಂಬವನ್ನು ಕೊಟ್ಟು ಬಡಗಿಯನ್ನು ಕರೆಸಬೇಕು. ಅದು ಯಜಮಾನನ ಕೆಲಸವಲ್ಲ.

ತೊಟ್ಟಿಮನೆಗಳಲ್ಲಿ ಎರಡು ಮಾಡುಗಳು ಕೂಡುವ ಒಳಮೂಲೆಗಳು ನಾಲ್ಕು. ಎರಡು ಬದಿಯ ನೀರೂ ಅಲ್ಲಿಗೇ ಬರುವುದರಿಂದ ಮನೆಯ ಸೋರಿಕೆಗಳಲ್ಲಿ ಹೆಚ್ಚಿನವು ಅಲ್ಲಿಯೇ ಹುಟ್ಟುತ್ತವೆ. ಮೂಲೆಯ ಕೆಳಗೆ ಹಾಕಿರುವ ಸತುವಿನ ತಗಡು ತುಕ್ಕುಹಿಡಿದಿದ್ದರೆ ಬದಲಾಯಿಸಬೇಕು; ಹೊಸ ತಗಡು ಎರಡು ಬದಿಯ ಹೆಂಚುಗಳ ಅಡಿಗೂ ಕನಿಷ್ಠ ಒಂದು ಗೇಣು ಹೋಗಿರಬೇಕು. ಒಣಗಿದ ಎಲೆ, ಹಕ್ಕಿಗೂಡು ಮೊದಲಾದುವನ್ನು ಯುಗಾದಿಯ ವೇಳೆಗೆ ತೆಗೆದುಹಾಕಿದರೆ ಅರ್ಧ ಸೋರಿಕೆ ನಿಂತಂತೆಯೇ. ತೊಟ್ಟಿಯ ನೀರು ಹೊರಕ್ಕೆ ಹೋಗುವ ಕಂಡಿಯೊಳಗೆ ಉದ್ದನೆಯ ಗಳುವನ್ನು ಹಾಕಿ ಆಡಿಸಿ, ಒಂದು ಕೊಡ ನೀರು ಹೊಯ್ದು, ಅದು ನಿಲ್ಲದೆ ಹರಿಯುವುದೇ ಎಂದು ನೋಡತಕ್ಕದ್ದು.

ಹೆಂಚಿನ ಕಷ್ಟ ಸಾಕೆಂದು ಮಾಡನ್ನೇ ಕಿತ್ತು ತಗಡನ್ನೋ ಸಿಮೆಂಟು ಶೀಟನ್ನೋ ಹಾಕಿಸುವವರು ಹೆಚ್ಚುತ್ತಿದ್ದಾರೆ. ಊರಿನ ಹೆಸರಿನಲ್ಲಿ ತಗಡು ಇದ್ದ ಮಾತ್ರಕ್ಕೆ ಮನೆಯ ಮೇಲೂ ತಗಡು ಇರಬೇಕೆಂಬ ನಿಯಮವೇನೂ ಇಲ್ಲ. ತಗಡಿನ ಕೆಳಗೆ ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಮಧ್ಯಾಹ್ನ ಮನುಷ್ಯರೂ ದನಗಳೂ ಇರುವುದು ಕಷ್ಟ. ಕೃತ್ತಿಕೆಯ ಗಾಳಿಗೆ ಅದು ಎದ್ದುಹೋಗುವುದೂ ಉಂಟು. ಕೊಟ್ಟಿಗೆಗೆ ಅನಿವಾರ್ಯವಾಗಿ ಹಾಕಿದರೆ, ಕೊಕ್ಕೆಯ ಮೊಳೆಗಳನ್ನು ತಗಡಿನ ಉಬ್ಬಿನ ಮೇಲೆಯೇ ಹೊಡೆಯಬೇಕು, ತಗ್ಗಿನಲ್ಲಲ್ಲ. ನೀರು ಹರಿಯುವುದು ತಗ್ಗಿನಲ್ಲಿ. ಹಳೆಯ ಕಲ್ನಾರಿನ ಶೀಟುಗಳನ್ನು ಗರಗಸದಿಂದ ಕೊಯ್ಯುವುದು, ಒಣಗಿದಂತೆಯೇ ಉಜ್ಜುವುದು, ಒಡೆದು ಪುಡಿಮಾಡುವುದು ಇವು ಸರ್ವಥಾ ಕೂಡದು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಎಷ್ಟೋ ವರ್ಷಗಳ ಮೇಲೆ ವಾಸಿಯಾಗದ ರೋಗ ಬರುತ್ತದೆ. ತೆಗೆಯಲೇಬೇಕಾದರೆ ನೀರಿನಿಂದ ಚೆನ್ನಾಗಿ ನೆನೆಸಿ, ಇಡಿಯಾಗಿ ಇಳಿಸಬೇಕು.

ಇನ್ನು ಬುಡದ ವಿಷಯ. ಸಾವಿರ ಚದರಡಿಯ ಮಾಡಿನ ಮೇಲೆ ಒಂದಂಗುಲ ಮಳೆ ಬಿದ್ದರೆ ಸುಮಾರು ೨,೩೬೦ ಲೀಟರು ನೀರು ಸೂರಿನಿಂದ ಇಳಿಯುತ್ತದೆ. ಎಂದರೆ ಸುಮಾರು ಹನ್ನೆರಡು ದೊಡ್ಡ ಪೀಪಾಯಿ. ಇದೆಲ್ಲವೂ ಗೋಡೆಯಿಂದ ಒಂದೆರಡು ಅಡಿ ದೂರದಲ್ಲಿ ನೆಲಕ್ಕೆ ಬಿದ್ದು, ಮಣ್ಣನ್ನು ಸಿಡಿಸಿಕೊಂಡು ಗೋಡೆಯ ಕಾಲಿಗೆ ಹೊಡೆಯುತ್ತದೆ. ನಮ್ಮ ಹಿರಿಯರು ಮನೆಯ ಮುಂದೆ ಜಗಲಿಯನ್ನು ಕಟ್ಟಿದುದು ಕುಳಿತು ಎಲೆಯಡಿಕೆ ಹಾಕಿಕೊಳ್ಳುವುದಕ್ಕೆಂದು ತಿಳಿದು, ಈಗ ಬೀದಿ ಅಗಲವಾಗಲೆಂದೋ ವಾಹನ ನಿಲ್ಲಿಸಲೆಂದೋ ಅದನ್ನು ಕಿತ್ತುಹಾಕುವವರುಂಟು. ಜಗಲಿಯು ಗೋಡೆಯ ಬುಡಕ್ಕೆ ಎರಚಲು ತಾಗದಂತೆ ನೋಡಿಕೊಳ್ಳುತ್ತದೆ; ಗೋಡೆಯು ಹೊರಕ್ಕೆ ವಾಲದಂತೆ ಒತ್ತಿಹಿಡಿಯುತ್ತದೆ. ಜಗಲಿ ಕಿತ್ತ ಮನೆಯ ಮುಂಗೋಡೆಯನ್ನು ನಾಲ್ಕು ಮಳೆಗಾಲಗಳ ಮೇಲೆ ನೋಡಿದರೆ ಈ ಮಾತಿನ ಸತ್ಯ ತಿಳಿಯುವುದು. ಜಗಲಿಯಿಲ್ಲದ ಬದಿಗಳಲ್ಲಿ ಗೋಡೆಯ ಸುತ್ತ ಎರಡಡಿ ಅಗಲಕ್ಕೆ ಚಪ್ಪಡಿ ಕಲ್ಲುಗಳನ್ನು ಹೊರಕ್ಕೆ ಇಳಿಜಾರಾಗಿ ಹಾಸಿ, ಸಂದುಗಳನ್ನು ಗಾರೆಯಿಂದ ತುಂಬುವುದು ಯಾರಿಂದಲಾದರೂ ಆಗುವ ಕೆಲಸ. ಚಪ್ಪಡಿಯ ಹೊರ ಅಂಚು ಒಳ ಅಂಚಿಗಿಂತ ಎರಡಂಗುಲ ತಗ್ಗಾಗಿರಲಿ. ಎರೆಯ ಭೂಮಿಯ ಮೇಲೆ ಕಟ್ಟಿದ ಮನೆಗಳಿಗೆ ಇದು ಇನ್ನೂ ಮುಖ್ಯ. ಕರಿಯ ಮಣ್ಣು ನೆನೆದಾಗ ಉಬ್ಬಿ ಒಣಗಿದಾಗ ಕುಗ್ಗುವುದರಿಂದ, ಅಡಿಪಾಯಕ್ಕೆ ನೀರು ಹೋಗಿಬಂದಂತೆಲ್ಲ ಗೋಡೆಯು ಬಿರಿಯುತ್ತದೆ.

ಎರಚಲಿಗೆ ಸಿಕ್ಕಿ ಬುಡದಲ್ಲಿ ಕೊರೆದುಹೋಗಿರುವ ಗೋಡೆಯನ್ನು ದುರಸ್ತು ಮಾಡುವಾಗ ಉದ್ದಕ್ಕೂ ಒಂದೇ ಸಲ ಅಗೆಯಕೂಡದು. ಎರಡಡಿ ಅಗೆದು ತುಂಬಿ, ಎರಡಡಿ ಬಿಟ್ಟು ಮತ್ತೆರಡಡಿ ಅಗೆಯಬೇಕು. ತುಂಬಿದ ಭಾಗ ಗಟ್ಟಿಯಾದ ಮೇಲೆ ಬಿಟ್ಟ ಭಾಗಕ್ಕೆ ಬರಬೇಕು. ಸಡಿಲ ಮಣ್ಣನ್ನು ಕೆರೆದು, ನೀರು ಚಿಮುಕಿಸಿ, ಚಪ್ಪಟೆಯಾದ ಕಲ್ಲುಗಳನ್ನು ಸುಣ್ಣದ ಗಾರೆಯಲ್ಲಿ ಕೂರಿಸಿ, ಮೇಲಿನ ಸಂದಿಗೆ ಕಲ್ಲುಚೂರುಗಳನ್ನು ಬಿಗಿಯಾಗಿ ಬಡಿಯಬೇಕು. ಕೊರೆತವು ಗೋಡೆಯ ದಪ್ಪದ ಮೂರರಲ್ಲಿ ಒಂದು ಪಾಲನ್ನು ಮೀರಿದ್ದರೆ, ಇಲ್ಲವೆ ತೂಗುಗುಂಡನ್ನು ಇಳಿಬಿಟ್ಟಾಗ ಗೋಡೆಗೆ ಹೊಟ್ಟೆ ಬಂದಿರುವುದು ಕಂಡರೆ, ಕೈಹಚ್ಚದೆ ಗಾರೆಯವನನ್ನು ಕರೆಸಿ. ಆ ಗೋಡೆಯ ಪಕ್ಕದಲ್ಲಿ ಮಕ್ಕಳನ್ನು ಮಲಗಿಸಬೇಡಿ.

ಬಿರುಕುಗಳೆಲ್ಲವೂ ಒಂದೇ ಬಗೆಯವಲ್ಲ. ಬಿರುಕಿನ ಮೇಲೆ ಅಡ್ಡಲಾಗಿ ತೆಳುವಾದ ಕಾಗದದ ಚೂರನ್ನು ಅಂಟಿಸಿ, ಅದರ ಮೇಲೆ ತಾರೀಖನ್ನು ಬರೆದಿಡಬೇಕು. ಎರಡು ಮೂರು ತಿಂಗಳಾದರೂ ಕಾಗದ ಹರಿಯದಿದ್ದರೆ ಅದು ಹಳೆಯ ಬಿರುಕು, ಮಣ್ಣಿನಿಂದ ಮುಚ್ಚಿದರಾಯಿತು. ಕಾಗದ ಹರಿದರೆ ಗೋಡೆಯು ಇನ್ನೂ ಚಲಿಸುತ್ತಿದೆ. ಮುಚ್ಚುವುದರಿಂದ ಕಣ್ಣಿಗೆ ಸಮಾಧಾನವೇ ಹೊರತು ಗೋಡೆಗೆ ಪ್ರಯೋಜನವಿಲ್ಲ.

ಈಗ ಅತ್ಯಂತ ಮುಖ್ಯವಾದ ವಿಷಯಕ್ಕೆ ಬರೋಣ. ಮಣ್ಣುಗೋಡೆ ಉದುರುತ್ತಿದೆಯೆಂದ ಕೂಡಲೆ ಅದರ ಮೇಲೆ ಸಿಮೆಂಟು ಬಳಿಸುವುದು ಇಂದಿನ ರೂಢಿಯಾಗಿದೆ. ಸಿಮೆಂಟು ಒಳ್ಳೆಯ ಪದಾರ್ಥವೇ. ಆದರೆ ಮಣ್ಣುಗೋಡೆಯೊಡನೆ ಅದರ ಸಂಬಂಧ ಕೂಡಿಬರುವುದಿಲ್ಲ. ಮಣ್ಣಿನ ಗೋಡೆಯು ನೆಲದಿಂದ ತೇವವನ್ನು ಮೇಲಕ್ಕೆ ಹೀರುತ್ತ, ತನ್ನ ಮೈಯಿಂದ ಅದನ್ನು ಗಾಳಿಗೆ ಬಿಡುತ್ತ ಇರುತ್ತದೆ. ಸಿಮೆಂಟಿನ ಗಟ್ಟಿ ಪದರ ಆ ಮೈಯನ್ನು ಮುಚ್ಚಿದ ಮೇಲೆ ತೇವವು ಹೊರಡಲು ದಾರಿಯಿಲ್ಲದೆ ಒಳಗೇ ನಿಂತು, ಇನ್ನೂ ಮೇಲಕ್ಕೆ ಏರುತ್ತದೆ. ಹಿಂದೆ ಒಂದಡಿ ಇದ್ದ ತೇವದ ಗೆರೆ ಮೂರಡಿಗೆ ಬರುತ್ತದೆ. ಒಳಗಿನ ಮಣ್ಣು ಮೆತ್ತಗಾಗಿ ಪದರದಿಂದ ಬಿಡುತ್ತದೆ. ಮೇಲೆ ಎಲ್ಲಿಯಾದರೂ ಕೂದಲಷ್ಟು ಬಿರುಕಿದ್ದರೆ ಮಳೆಯ ನೀರು ಇವೆರಡರ ನಡುವೆ ಇಳಿದು ತುಂಬುತ್ತದೆ. ಹೊರಗೆ ನೋಡಿದರೆ ಗೋಡೆ ನುಣ್ಣಗೆ, ಬಣ್ಣಬಣ್ಣವಾಗಿ ಇರುತ್ತದೆ, ಒಳಗೆ ಕೆಸರು. ಉದುರುವ ಮಣ್ಣುಗೋಡೆಯಾದರೆ ತನ್ನ ಕಾಯಿಲೆಯನ್ನು ಯಜಮಾನನಿಗೆ ತೋರಿಸುತ್ತಿರುತ್ತದೆ. ಸಿಮೆಂಟು ಬಳಿದ ಗೋಡೆ ಅದನ್ನು ಮುಚ್ಚಿಟ್ಟುಕೊಳ್ಳುತ್ತದೆ. ಕಬಿನಿಯ ನಾಲೆಯ ನೀರು ಬಂದು ಬತ್ತದ ಗದ್ದೆಗಳು ಮನೆಯ ಬದಿಗೇ ಆಗಿರುವ ಊರುಗಳಲ್ಲಿ ನೆಲದ ತೇವ ಹೆಚ್ಚಾಗಿರುವುದರಿಂದ ಅಪಾಯವೂ ಹೆಚ್ಚು.

ಬಳಿಸಿಬಿಟ್ಟವರು ಏನು ಮಾಡಬೇಕು? ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟುತ್ತ ಹೋಗಿರಿ. ಗಟ್ಟಿಯಾದ ಸದ್ದು ಬಂದ ಕಡೆ ಚಿಂತೆಯಿಲ್ಲ. ಬೋಳು ಸದ್ದು ಬಂದ ಕಡೆ ಪದರ ಬಿಟ್ಟಿದೆಯೆಂದು ತಿಳಿದು, ಬೇಸಗೆಯ ಮೊದಲಿಗೆ, ಎಂದರೆ ಶಿವರಾತ್ರಿಯ ಹೊತ್ತಿಗೆ, ಅಷ್ಟು ಭಾಗವನ್ನು ಉಳಿಯಿಂದ ಬಿಡಿಸಬೇಕು. ಬುಡದ ಮೂರಡಿಯ ಪದರವನ್ನು ಸಂಪೂರ್ಣವಾಗಿ ತೆಗೆದುಬಿಡುವುದು ಇನ್ನೂ ಒಳ್ಳೆಯದು. ಅದು ಒಂದೆರಡು ತಿಂಗಳು ಬಿಸಿಲು ಗಾಳಿಗೆ ಆರಲಿ. ಮೈಮೇಲೆ ಎದ್ದ ಬಿಳಿಯ ಚೌಳನ್ನು ಒಣ ಪೊರಕೆಯಿಂದ ಗುಡಿಸಿ ದೂರ ಎಸೆಯಬೇಕು. ನೀರಿನಿಂದ ತೊಳೆದರೆ ಅದು ಕರಗಿ ಮತ್ತೆ ಒಳಕ್ಕೆ ಹೋಗುತ್ತದೆ. ಆಮೇಲೆ ಮಣ್ಣನ್ನೇ ಮೆತ್ತಬೇಕು.

ಮೆತ್ತುವ ಮಣ್ಣಿನ ಆಯ್ಕೆಯಲ್ಲಿ ಕೈಗಣ್ಣು ಬೇಕೆಂದು ಹೇಳುವರು. ಆದರೆ ಒಂದು ಸುಲಭ ಪರೀಕ್ಷೆಯೂ ಇದೆ. ಗಾಜಿನ ಸೀಸೆಯಲ್ಲಿ ಮೂರರಲ್ಲಿ ಒಂದು ಪಾಲು ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಹಾಕಿ, ಚೆನ್ನಾಗಿ ಕುಲುಕಿ ಒಂದು ದಿನ ಇಡಬೇಕು. ಮರಳು ತಳದಲ್ಲಿ ಕೂರುವುದು, ನವಿರು ಮಣ್ಣು ಅದರ ಮೇಲೆ, ಜೇಡಿ ಎಲ್ಲಕ್ಕೂ ಮೇಲೆ. ಜೇಡಿಯು ಒಟ್ಟಿನಲ್ಲಿ ಕಾಲು ಪಾಲನ್ನು ಮೀರಿದ್ದರೆ ಮರಳು ಸೇರಿಸಬೇಕು. ಕರಿಯ ಎರೆಮಣ್ಣು ಈ ಕೆಲಸಕ್ಕೆ ಬಾರದು; ಕೆಮ್ಮಣ್ಣು ಒಳ್ಳೆಯದು, ಹುತ್ತದ ಮಣ್ಣು ಸೇರಿದರೆ ಬಿಗಿ ಹೆಚ್ಚು. ಜರಡಿ ಹಿಡಿದ ಮಣ್ಣಿಗೆ ಎರಡಂಗುಲ ಉದ್ದಕ್ಕೆ ಕತ್ತರಿಸಿದ ಬತ್ತದ ಹುಲ್ಲು, ಸ್ವಲ್ಪ ಸಗಣಿ ಸೇರಿಸಿ, ನೀರು ಹಾಕಿ, ಐದಾರು ದಿನ ಕೊಳೆಯಿಸುತ್ತ ದಿನಕ್ಕೊಮ್ಮೆ ತುಳಿಯಬೇಕು. ಗೋಡೆಗೆಲ್ಲ ಮೆತ್ತುವುದಕ್ಕೆ ಮುಂಚೆ, ಕಣ್ಣಿಗೆ ಬೀಳದ ಮೂಲೆಯಲ್ಲಿ ಗೇಣಗಲದ ಮೂರು ಚೌಕಗಳನ್ನು, ಒಂದೊಂದಕ್ಕೆ ಒಂದೊಂದು ಪ್ರಮಾಣದ ಮರಳು ಸೇರಿಸಿ ಮೆತ್ತಿ, ಎರಡು ದಿನ ಬಿಟ್ಟು ನೋಡತಕ್ಕದ್ದು. ಬಿರಿದುದರಲ್ಲಿ ಮರಳು ಸಾಲದು. ಬೆರಳಿಗೆ ಉದುರುವುದರಲ್ಲಿ ಮರಳು ಹೆಚ್ಚು. ಉಳಿದುದೇ ನಿಮ್ಮ ಪ್ರಮಾಣ. ಬೇರೆ ಊರಿನ ಪ್ರಮಾಣ ಈ ಊರಿಗೆ ಹೊಂದುವುದಿಲ್ಲವಾದುದರಿಂದ ಇಲ್ಲಿ ಅಂಕೆಗಳನ್ನು ಕೊಟ್ಟಿಲ್ಲ.

ಹಳೆಯ ಗೋಡೆಯನ್ನು ಒದ್ದೆಮಾಡಿ, ಮೊದಲು ಅರ್ಧ ಅಂಗುಲ ದಪ್ಪದ ಒರಟು ಮೆತ್ತಿಗೆ, ಅದು ಆರಿದ ಮೇಲೆ ತೆಳುವಾದ ನಯ ಮೆತ್ತಿಗೆ ಕೊಡಬೇಕು. ಕೊನೆಗೆ ಸುಣ್ಣ. ಅರಳಿಸಿ ಸೋಸಿದ ಸುಣ್ಣದ ತಿಳಿಗೆ ಅಕ್ಕಿಯ ಗಂಜಿಯನ್ನೂ ಉಪ್ಪನ್ನೂ ಸೇರಿಸಿ ಎರಡು ಮೂರು ಸಲ ಬಳಿದರೆ ಕೈಗೆ ಅಂಟುವುದಿಲ್ಲ. ಅದು ಗೋಡೆಯ ಉಸಿರನ್ನೂ ಕಟ್ಟುವುದಿಲ್ಲ. ಸುಣ್ಣದ ಕಲ್ಲನ್ನು ಅರಳಿಸುವಾಗ ನೀರಿಗೆ ಕಲ್ಲನ್ನು ಹಾಕಬೇಕೇ ಹೊರತು ಕಲ್ಲಿನ ಮೇಲೆ ನೀರನ್ನು ಸುರಿಯಬಾರದು. ಸಿಡಿದರೆ ಕಣ್ಣು ಹೋಗುವ ಭಯವುಂಟು. ಮಕ್ಕಳನ್ನು ದೂರವಿರಿಸಬೇಕು. ಸಿಮೆಂಟನ್ನೇ ಉಪಯೋಗಿಸಬೇಕೆಂಬ ಹಟವುಳ್ಳವರು ಹೊಸ ಗೋಡೆಗೆ ಅದನ್ನು ಮಣ್ಣಿನೊಳಗೇ ಸ್ವಲ್ಪ ಬೆರೆಸಿ ಒತ್ತಿದ ಇಟ್ಟಿಗೆಗಳನ್ನು ಮಾಡಿಕೊಳ್ಳಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗದವರು ಈ ಇಟ್ಟಿಗೆಯನ್ನೂ, ಹೊಗೆಯನ್ನು ಕೊಳವೆಯಿಂದ ಹೊರಕ್ಕೆ ಕಳುಹಿಸುವ ಒಲೆಯನ್ನೂ ಬಳಕೆಗೆ ತಂದರು.

ಒಲೆಯ ಮಾತು ಬಂದುದರಿಂದ ಗೆದ್ದಲಿನ ವಿಷಯ. ಸೌದೆಯ ಹೊಗೆ ಹಿಡಿದ ಅಡಿಗೆಮನೆಯ ಜಂತಿಗಳಿಗೆ ಹುಳು ಬೀಳುವುದು ಕಡಮೆಯೆಂದು ಹಿರಿಯರು ಹೇಳುತ್ತಾರೆ. ಹಾಗೆಂದು ಮರವನ್ನು ಉಳಿಸುವುದಕ್ಕಾಗಿ ಹೆಂಗಸರು ಹೊಗೆ ಕುಡಿಯಬೇಕೆಂಬುದು ನ್ಯಾಯವಲ್ಲ. ಗೆದ್ದಲು ನೆಲದಿಂದ ಮಣ್ಣಿನ ಕೊಳವೆ ಕಟ್ಟಿಕೊಂಡು ಮರಕ್ಕೆ ಏರುತ್ತದೆ. ತಿಂಗಳಿಗೊಮ್ಮೆ ಗೋಡೆ ಕಂಬಗಳ ಬುಡವನ್ನು ನೋಡಿ ಆ ಕೊಳವೆಗಳನ್ನು ಕೆರೆದುಹಾಕುವುದು, ಸೌದೆ ಹುಲ್ಲುಗಳನ್ನು ಗೋಡೆಗೆ ಒರಗಿಸದಿರುವುದು, ಮರದ ಕಂಬದ ಕಾಲು ನೆಲಕ್ಕೆ ತಾಗದಂತ ಕಲ್ಲಿನ ಪೀಠ ಕೊಡುವುದು, ಇವಿಷ್ಟರಿಂದ ಬಹುಮಟ್ಟಿಗೆ ಹತೋಟಿಯಾಗುತ್ತದೆ. ಹಿಂದೆ ಬಳಸುತ್ತಿದ್ದ ಆಲ್ಡ್ರಿನ್ನಿನಂಥ ವಿಷಗಳು ಈಗ ನಿಷೇಧಿಸಲ್ಪಟ್ಟಿವೆ. ಹಳೆಯ ಡಬ್ಬಿಯೇನಾದರೂ ಅಟ್ಟದಲ್ಲಿ ಉಳಿದಿದ್ದರೆ ಅದನ್ನು ಬಳಸಕೂಡದು, ಕಾಳು ಇರುವ ಕೋಣೆಯಲ್ಲಿ ಇಡಲೂಕೂಡದು. ಕಣಜಗಳನ್ನು ಗೋಡೆಯಿಂದ ಒಂದು ಗೇಣು ದೂರಕ್ಕೆ, ನೆಲದಿಂದ ಕಲ್ಲಿನ ಮೇಲೆ ಎತ್ತರಿಸಿ ಇಟ್ಟರೆ ತೇವ, ಗೆದ್ದಲು, ಇಲಿ ಮೂರನ್ನೂ ಸುಲಭವಾಗಿ ಗಮನಿಸಬಹುದು.

ಮಳೆಗಾಲದಲ್ಲಿ ಉಬ್ಬಿ ಬಿಗಿಯಾದ ಬಾಗಿಲನ್ನು ಕೂಡಲೆ ಉಜ್ಜಿ ತಗ್ಗಿಸಬೇಡಿ. ಬೇಸಗೆಗೆ ಅದು ಕುಗ್ಗಿ ಸಂದು ಬೀಳುತ್ತದೆ. ಕೀಲುಗಳಿಗೆ ಹರಳೆಣ್ಣೆ ಬಿಟ್ಟು ಕಾಯುವುದು ಲೇಸು. ೨೦೧೯ರಿಂದ ಈಚೆಗೆ ಹಳ್ಳಿಯ ಮನೆಗಳಿಗೆ ನಲ್ಲಿಗಳು ಬಂದಿವೆ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿಯಿಂದ ದಿನಕ್ಕೆ ಇಪ್ಪತ್ತು ಲೀಟರು ನೀರು ಗೋಡೆಯ ಬುಡಕ್ಕೆ ಇಂಗುವುದುಂಟು. ಒಳಗಿನ ವಾಷರನ್ನು ಬದಲಾಯಿಸುವುದು ಕೆಲವೇ ರೂಪಾಯಿಗಳ, ಕೆಲವೇ ನಿಮಿಷಗಳ ಕೆಲಸ. ನಲ್ಲಿಯ ಕೆಳಗೆ ಒಂದು ಚಪ್ಪಡಿಯನ್ನೂ ನೀರು ಹರಿಯುವ ಕಾಲುವೆಯನ್ನೂ ಮಾಡತಕ್ಕದ್ದು. ಒದ್ದೆಗೋಡೆಯಲ್ಲಿ ವಿದ್ಯುತ್ತು ಹರಿಯುವ ಸಂಭವವುಂಟಾದುದರಿಂದ, ಗೋಡೆ ಮುಟ್ಟಿದಾಗ ಜುಮ್ಮೆನ್ನುವುದಾದರೆ ಮುಖ್ಯ ಗುಂಡಿಯನ್ನು ಆರಿಸಿ, ಲೈಸೆನ್ಸು ಉಳ್ಳ ಕೆಲಸಗಾರನನ್ನು ಕರೆಸುವವರೆಗೂ ಹಾಕಬಾರದು.

ಹೊಳೆಯೇ ಉಕ್ಕಿ ಬಂದಾಗ ಈ ಲೇಖನದ ಯಾವ ಉಪಾಯವೂ ನಡೆಯದು. ೨೦೧೯ರ ಆಗಸ್ಟಿನಲ್ಲಿ ಕಪಿಲೆಯು ನಂಜನಗೂಡಿನ ತಗ್ಗಿನ ಬೀದಿಗಳಿಗೆ ನುಗ್ಗಿದುದನ್ನು ಎಲ್ಲರೂ ಬಲ್ಲರು. ನೀರಿನಲ್ಲಿ ನಿಂತ ಮಣ್ಣುಗೋಡೆಯು ನೀರು ಇಳಿದ ಮೇಲೂ ಕುಸಿಯುವುದುಂಟು. ಗೋಡೆ ಒಣಗಿ, ತಿಳಿದವರು ನೋಡಿ ಹೇಳುವವರೆಗೆ ಅದರ ಕೆಳಗೆ ಮಲಗಬಾರದು.

ಗ್ರಾಮದ ಮುಖಂಡರು ಗಮನಿಸಬೇಕಾದ ಒಂದು ಸಂಗತಿ ಉಳಿದಿದೆ. ಇದು ಒಬ್ಬೊಬ್ಬ ಯಜಮಾನನ ಕೈಯಲ್ಲಿಲ್ಲ. ಊರೊಳಗಿನ ಬೀದಿಗಳಿಗೆ ಕಾಂಕ್ರೀಟು ಹಾಕುವಾಗ ಹಳೆಯ ಬೀದಿಯನ್ನು ಅಗೆಯದೆ ಅದರ ಮೇಲೆಯೇ ಹಾಕುವುದು ಹಲವೆಡೆ ನಡೆದಿದೆ. ಹೀಗೆ ಎರಡು ಸಲ ಆದರೆ ಬೀದಿಯು ಒಂದಡಿ ಎತ್ತರವಾಗಿ, ಎರಡು ಬದಿಯ ಹಳೆಯ ಮನೆಗಳು ಹಳ್ಳದಲ್ಲಿ ಸಿಕ್ಕಿಕೊಳ್ಳುತ್ತವೆ. ಬೀದಿಯ ನೀರೆಲ್ಲ ಜಗಲಿಯನ್ನು ದಾಟಿ ಹೊಸಲಿಗೆ ಬರುತ್ತದೆ. ಯಜಮಾನನು ಎಷ್ಟು ಚಪ್ಪಡಿ ಹಾಸಿದರೂ, ಎಷ್ಟು ಮಣ್ಣು ಮೆತ್ತಿದರೂ ಅಂಥ ಮನೆಯ ಬುಡ ಒಣಗುವುದಿಲ್ಲ. ಮೊದಲು ಕೆಡುವ ಮನೆಗಳು ಬಡವರವು. ತಗ್ಗಿನಲ್ಲಿರುವವು ಅವೇ, ಮತ್ತು ಗೋಡೆ ತೆಳುವಾಗಿರುವವೂ ಅವೇ. ಕಾಮಗಾರಿಯ ಅಂದಾಜು ಗ್ರಾಮಸಭೆಗೆ ಬಂದಾಗಲೇ ಹಳೆಯ ಪದರವನ್ನು ತೆಗೆದು, ಮನೆಗಳ ಹೊಸಲಿಗಿಂತ ಬೀದಿಯು ಕನಿಷ್ಠ ಒಂದೂವರೆ ಅಡಿ ತಗ್ಗಾಗಿರುವಂತೆಯೂ, ಬದಿಯ ಮೋರಿಯ ಇಳಿಜಾರು ಕೆರೆಯ ಕಡೆಗೋ ಹಳ್ಳದ ಕಡೆಗೋ ಇರುವಂತೆಯೂ ಬರೆಯಿಸಬೇಕು. ಗುತ್ತಿಗೆದಾರನು ಕೆಲಸ ಆರಂಭಿಸಿದ ಮೇಲೆ ಹೇಳಿದರೆ ಪ್ರಯೋಜನವಾಗುವುದಿಲ್ಲ. ಊರಿಗೆಲ್ಲ ಸೇರಿ ಎರಡು ಉದ್ದನೆಯ ಏಣಿಗಳನ್ನೂ, ಒಂದು ತೂಗುಗುಂಡನ್ನೂ, ನೂರಿನ್ನೂರು ಹಳೆಯ ಹೆಂಚುಗಳನ್ನೂ ಪಂಚಾಯಿತಿ ಕಚೇರಿಯಲ್ಲಿ ಇಡಿಸಿ, ಯುಗಾದಿಯಿಂದ ಭರಣಿಯ ವರೆಗೆ ಬೇಕಾದವರಿಗೆ ಸರದಿಯ ಮೇಲೆ ಕೊಡುವ ಏರ್ಪಾಡು ಮಾಡುವುದು ಸುಲಭ; ಕೂಲಿಯ ಮೇಲೆ ಜೀವಿಸುವವರ ಮನೆಗಳಿಗೆ ಮೊದಲ ಸರದಿ ಇರಲಿ.